ಕಾಣಿಕೆ ಲೆಕ್ಕ ಕೇಳಿದರೆ ಅಯ್ಯನವರಿಗೆ ಯಾಕೆ ಕೋಪ?

ಓದುಗರ ಪ್ರಶ್ನೆ, ಅಮ್ಮನವರ ಉತ್ತರ

ಹೋದ ಸಂಚಿಕೆಯಲ್ಲಿ 'ನಿಮ್ಮ ಸಭಾಪಾಲಕರಲ್ಲಿ ನಿಮಗೆ ಇಷ್ಟವಾದ ಗುಣ ಯಾವುದು?' ಎಂದು ಕೇಳಿದ್ದೆವು. ಇಷ್ಟವಾದ ಗುಣದ ಬಗ್ಗೆ ಬಂದ ಪತ್ರ ಕಮ್ಮಿ, ದೂರು ಜಾಸ್ತಿ. ನಮ್ಮ ಪಾಸ್ಟರಿಗೆ ತಗ್ಗಿ ನಡೆಯುವುದು ಗೊತ್ತಿಲ್ಲ ಅನ್ನುವುದೇ ಹೆಚ್ಚಿನವರ ದೂರು. ಪಾಸ್ಟರುಗಳೂ ಒಬ್ಬಿಬ್ಬರು ಬರೆದಿದ್ದಾರೆ, ಅವರ ಕಷ್ಟ ಬೇರೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಪಾಸ್ಟರ್ ಆಗಿದ್ದ ಅಯ್ಯನವರ ಹೆಂಡತಿಯಾಗಿ ಒಂದು ಪಾರ್ಸನೇಜಿನಿಂದ (ಚರ್ಚ್ ಕೊಡುವ ಮನೆ) ಇನ್ನೊಂದಕ್ಕೆ ಪಾತ್ರೆ ಕಟ್ಟಿಕೊಂಡು ಓಡಾಡಿದವಳು. ದೇವಶಾಸ್ತ್ರದ ಡಿಗ್ರಿ ಇಲ್ಲ. ಟೀ ಲೋಟ ಜೋಡಿಸುತ್ತಾ ಕಮಿಟಿ ಮೀಟಿಂಗ್ ಕೇಳಿಸಿಕೊಂಡ ಅನುಭವ ಬೇಕಾದಷ್ಟಿದೆ. ಪತ್ರ ಬರೆದವರ ಹೆಸರು, ಚರ್ಚಿನ ಹೆಸರು ಎಲ್ಲೂ ಹಾಕಿಲ್ಲ.

ಪ್ರಶ್ನೆ: ನಮ್ಮದು ಸ್ವತಂತ್ರ ಸಭೆ. ಬಾಡಿಗೆ ಹಾಲಿನಲ್ಲಿ ಶುರುವಾಯಿತು, ಈಗ ಸ್ವಂತ ಕಟ್ಟಡಕ್ಕೆ ಹಣ ಕೂಡಿಸುತ್ತಿದ್ದೇವೆ. ಇದುವರೆಗೆ ಎಷ್ಟು ಬಂದಿದೆ, ಎಷ್ಟು ಖರ್ಚಾಗಿದೆ ಎಂದು ಕೇಳಿದೆ. ಮುಂದಿನ ಭಾನುವಾರ ಪಾಸ್ಟರ್ ಪ್ರಸಂಗದಲ್ಲೇ 'ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ' ಎಂದರು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನು ಪಾಪ ಮಾಡಿದೆನಾ? (ಯುವಕ, ಹೊರಮಾವು)

ಉತ್ತರ: ಇಲ್ಲಪ್ಪ. ಧೈರ್ಯವಾಗಿರು.

ಅಭಿಷಿಕ್ತರು ಅಂದರೆ ದೇವರು ಆರಿಸಿಕೊಂಡವರು. ಆ ಮಾತು ಬೈಬಲಿನ 105ನೇ ಕೀರ್ತನೆಯ 15ನೇ ವಚನದಲ್ಲಿದೆ. ಅದೊಂದನ್ನೇ ಓದಬೇಡ, 12ರಿಂದ ಓದು. ಅಲ್ಲಿ ಹೇಳುತ್ತಿರುವುದು ಅಬ್ರಹಾಮ, ಇಸಾಕ, ಯಾಕೋಬರ ವಿಷಯ. ಅವರು ಬೆರಳೆಣಿಕೆಯಷ್ಟು ಜನ. ಸ್ವಂತ ನೆಲ ಇಲ್ಲ, ಊರಿಂದ ಊರಿಗೆ ಅಲೆಯುತ್ತಿದ್ದರು. ಅವರ ಮೇಲೆ ಯಾರೂ ಕೈಮಾಡದ ಹಾಗೆ ದೇವರು ರಾಜರನ್ನು ಗದರಿಸಿದ. ಆ ಗದರಿಕೆಯೇ ಈ ವಚನ. ಅಧಿಕಾರ ಇದ್ದವರಿಗೆ, ದಿಕ್ಕಿಲ್ಲದವರ ಪರವಾಗಿ ಹೇಳಿದ ಮಾತು ಅದು. ಮೈಕ್ ಹಿಡಿದವರು ಅದನ್ನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹುಡುಗನಿಗೆ ಹೇಳಿದರೆ ವಚನ ತಲೆಕೆಳಗಾದ ಹಾಗೆ ಅಲ್ವಾ?

ದಾವೀದ ಅಭಿಷಿಕ್ತನಾದ ರಾಜ ಸೌಲನನ್ನು ಮುಟ್ಟಲಿಲ್ಲವಲ್ಲ ಎಂದು ಕೆಲವರು ವಾದ ಮಾಡುತ್ತಾರೆ. ಕೊಲ್ಲಲಿಲ್ಲ, ನಿಜ. ಆದರೆ ಸುಮ್ಮನೆ ಕೂತನಾ? ಗವಿಯಿಂದ ಹೊರಗೆ ಬಂದು, ಸೌಲನ ನಿಲುವಂಗಿಯಿಂದ ಕತ್ತರಿಸಿದ ತುಂಡನ್ನು ಎತ್ತಿ ಹಿಡಿದು, ನನ್ನನ್ನು ಯಾಕೆ ಅಟ್ಟಿಸಿಕೊಂಡು ಬರುತ್ತೀಯ ಎಂದು ರಾಜನ ಮುಖಕ್ಕೇ ಕೇಳಿದ. ಅಭಿಷಿಕ್ತನನ್ನು ಕೊಲ್ಲಬಾರದು ಅಂದರೆ ಅವನನ್ನು ಪ್ರಶ್ನೆ ಮಾಡಬಾರದು ಅಂತ ಅರ್ಥ ಅಲ್ಲ.

ಇನ್ನು ಸಮುವೇಲ. ನನಗೆ ಬೈಬಲಿನಲ್ಲಿ ತುಂಬಾ ಇಷ್ಟವಾದ ನಿವೃತ್ತಿ ಭಾಷಣ ಅವನದು. ಒಂದನೇ ಸಮುವೇಲ 12ನೇ ಅಧ್ಯಾಯ. ತಲೆ ನರೆತ ಪ್ರವಾದಿ ಇಡೀ ಜನರ ಮುಂದೆ ನಿಂತು ಕೇಳುತ್ತಾನೆ: ನಾನು ಯಾರ ಎತ್ತು ತೆಗೆದುಕೊಂಡಿದ್ದೇನೆ? ಯಾರ ಕತ್ತೆ? ಯಾರಿಗೆ ಮೋಸ ಮಾಡಿದ್ದೇನೆ? ಯಾರ ಕೈಯಿಂದ ಲಂಚ ತಿಂದಿದ್ದೇನೆ? ಹೇಳಿ, ವಾಪಸ್ ಕೊಡುತ್ತೇನೆ. ಯಾರೂ ಕೇಳಿರಲಿಲ್ಲ, ಅವನಾಗಿಯೇ ಕೇಳಿಸಿಕೊಂಡ. ಅವನ ಮಕ್ಕಳು ಲಂಚ ತಿನ್ನುತ್ತಿದ್ದರು ಎನ್ನುವುದೂ ಅದೇ ಪುಸ್ತಕದಲ್ಲಿದೆ, ಅದನ್ನೂ ಮುಚ್ಚಿಟ್ಟಿಲ್ಲ.

ಪೌಲ ಇನ್ನೂ ಹುಷಾರು. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣ ಅವನ ಹೊಣೆಯಲ್ಲಿತ್ತು. ಆದರೂ ಅವನು ಆ ಹಣದ ಜೊತೆ ಒಬ್ಬನೇ ಹೋಗುವುದಿಲ್ಲ. ಅವನ ಜೊತೆಗಾರ ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನೂ ಇರುತ್ತಾನೆ. ಯಾಕೆ? ಇಷ್ಟು ದೊಡ್ಡ ಕಾಣಿಕೆ ವಿಷಯದಲ್ಲಿ ನಮ್ಮ ಮೇಲೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಸರಿಯಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಿರಬೇಕು ಎಂದು ಅವನೇ ಬರೆಯುತ್ತಾನೆ. ಎರಡನೇ ಕೊರಿಂಥ 8ನೇ ಅಧ್ಯಾಯ. ಅಪೊಸ್ತಲನಿಗೇ ಸಾಕ್ಷಿ ಬೇಕಾಯಿತು. ನಮ್ಮ ಪಾಸ್ಟರುಗಳಿಗೆ ಬೇಡವಾ?

ನಾನು ಕಂಡ ಹಳೆಯ ಪದ್ಧತಿ ಹೇಳುತ್ತೇನೆ. ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲ ನೇರ ವೆಸ್ಟ್ರಿಗೆ, ಅಂದರೆ ಚರ್ಚಿನ ಪಕ್ಕದ ಕೋಣೆಗೆ, ಬರುತ್ತಿತ್ತು. ಖಜಾಂಚಿ ಒಬ್ಬರು, ಪಕ್ಕದಲ್ಲಿ ಇನ್ನೊಬ್ಬ ಸದಸ್ಯರು. ಮೇಜಿನ ಮೇಲೆ ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ. ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಎಣಿಸುತ್ತಿದ್ದರು. ಮಡಚಿ ಮಡಚಿ ಬೆರಳಿನಷ್ಟು ಸಣ್ಣ ಮಾಡಿದ ಹತ್ತು ರೂಪಾಯಿ ನೋಟುಗಳನ್ನು ಬಿಡಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಆಮೇಲೆ ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಅಯ್ಯನವರು ಅಲ್ಲೇ ನಿಲುವಂಗಿ ಬಿಚ್ಚಿ ಮಡಚುತ್ತಿದ್ದರೂ ನೋಟಿಗೆ ಕೈ ಹಾಕುತ್ತಿರಲಿಲ್ಲ. ನಮ್ಮ ಯಜಮಾನರಿಗೆ ಅದು ಅವಮಾನ ಅಂತ ಯಾವತ್ತೂ ಅನ್ನಿಸಲಿಲ್ಲ. 'ನನಗೆ ನಿದ್ದೆ ಚೆನ್ನಾಗಿ ಬರುತ್ತೆ' ಎನ್ನುತ್ತಿದ್ದರು.

ಈಗ ಚೀಲದ ಜಾಗಕ್ಕೆ ಕ್ಯೂಆರ್ ಕೋಡ್ ಬಂದಿದೆ. ಮುಂದಿನ ವಾರ ನಿಮ್ಮ ಹಾಲಿನ ಬಾಗಿಲಲ್ಲಿ ಅಂಟಿಸಿದ ಕೋಡ್ ಸ್ಕ್ಯಾನ್ ಮಾಡಿ ನೋಡು. ಯಾರ ಹೆಸರು ಬರುತ್ತದೆ? ಸಭೆಯ ಹೆಸರಾ, ಪಾಸ್ಟರ ಹೆಸರಾ, ಅವರ ಹೆಂಡತಿಯ ಹೆಸರಾ? ಆಮೇಲೆ ನಿಮ್ಮ ಸಭೆ ಯಾವ ರೂಪದಲ್ಲಿ ನೋಂದಣಿ ಆಗಿದೆ ಎಂದು ವಿಚಾರಿಸು. ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಮುಂದಿಡಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಪತ್ರದಲ್ಲಿ ಏನಿದೆ ನೋಡಬೇಕು, ಟ್ರಸ್ಟಿಗಳು ಯಾರು ಎಂದು ಕೇಳಬೇಕು. ಗಂಡ, ಹೆಂಡತಿ, ಮಗ ಮೂವರೇ ಇದ್ದರೆ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಕೇಳುವಾಗ ಒಬ್ಬನೇ ಹೋಗಬೇಡ. ವಯಸ್ಸಾದವರು ಇಬ್ಬರನ್ನು ಜೊತೆಗೆ ಕರೆದುಕೋ. ಕಾಗದದಲ್ಲಿ ಬರೆದು ಕೊಡು, ವಾಟ್ಸಾಪ್ ಗುಂಪಿನಲ್ಲಿ ಬೇಡವೇ ಬೇಡ. ಅಲ್ಲಿ ಪ್ರಶ್ನೆ ಐದು ನಿಮಿಷದಲ್ಲಿ ಜಗಳ ಆಗುತ್ತದೆ, ಆಮೇಲೆ ಎಲ್ಲರೂ ಕೈಮುಗಿದ ಇಮೋಜಿ ಹಾಕಿ ಮಲಗುತ್ತಾರೆ. ಲೆಕ್ಕ ಕೊಟ್ಟರೆ ಸಂತೋಷ. ಇನ್ನೊಮ್ಮೆ ಪುಲ್ಪಿಟ್ಟಿನಿಂದ ಬೈದರೆ ನೀನು ಬೇರೆ ಸಭೆ ನೋಡಿಕೊಂಡರೆ ದೇವರಿಗೆ ಬೇಜಾರಾಗುವುದಿಲ್ಲ.

ಪ್ರಶ್ನೆ: ಪವಿತ್ರ ಗುರುವಾರ ನಮ್ಮ ಚರ್ಚಿನಲ್ಲಿ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಪಾದ ತೊಳೆಯುವ ಆಚರಣೆ ಆಯಿತು. ಫೋಟೊಗ್ರಾಫರ್ ಬೇರೆ ಬಂದಿದ್ದ. ಬೆಳಕು ಸರಿ ಬರಲಿಲ್ಲ ಎಂದು ಒಬ್ಬರ ಪಾದ ಎರಡು ಸಲ ತೊಳೆಸಿದ. ನನಗೆ ನಗು ತಡೆಯಲಾಗಲಿಲ್ಲ. ತಪ್ಪಾ? (ಗೃಹಿಣಿ, ಕಮ್ಮನಹಳ್ಳಿ)

ಉತ್ತರ: ನಕ್ಕಿದ್ದು ಸರಿಯಾಗಿದೆ. ಆದರೆ ನನಗೆ ಫೋಟೊ ದೊಡ್ಡ ವಿಷಯ ಅನ್ನಿಸುವುದಿಲ್ಲ. 2013ರಲ್ಲಿ ಪೋಪ್ ಫ್ರಾನ್ಸಿಸ್ ಆಯ್ಕೆಯಾದ ಎರಡೇ ವಾರಕ್ಕೆ ರೋಮಿನ ಕಾಸಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಕ್ಯಾಮೆರಾ ಅಲ್ಲೂ ಇತ್ತು. ಆಗಿನ ನಿಯಮದಲ್ಲಿ ಗಂಡಸರ ಪಾದ ಮಾತ್ರ ತೊಳೆಯಬೇಕಿತ್ತು. ಹೆಂಗಸರನ್ನೂ ಸೇರಿಸಬಹುದು ಎಂದು ನಿಯಮ ಬದಲಾದದ್ದು 2016ರಲ್ಲಿ.

ಕುರ್ಚಿಯಲ್ಲಿ ಯಾರು ಕೂತಿದ್ದರು ಅನ್ನುವುದನ್ನು ನೋಡಿ. ನಿಮ್ಮಲ್ಲಿ ಹನ್ನೆರಡೂ ಜನ ಕಮಿಟಿಯವರೇ ಇರಬೇಕು. ಬೆಳಿಗ್ಗೆ ಸೋಪು ಹಾಕಿ ತಿಕ್ಕಿ, ಹೊಸ ಚಪ್ಪಲಿ ಹಾಕಿಕೊಂಡು ಬಂದ ಪಾದಗಳು. ಯೇಸು ತೊಳೆದ ಪಾದಗಳಲ್ಲಿ ತನ್ನನ್ನು ಹಿಡಿದುಕೊಟ್ಟ ಯೂದನದೂ ಇತ್ತು. ಬಟ್ಟಲು ಎತ್ತಿಟ್ಟ ಮೇಲೆ ತಾನೇ ಅವನು ಎದ್ದು ಕತ್ತಲೆಗೆ ಹೋದದ್ದು? ಹೋದ ಚುನಾವಣೆಯಲ್ಲಿ ತನ್ನ ವಿರುದ್ಧ ಪ್ಯಾನೆಲ್ ಕಟ್ಟಿದವರನ್ನು ಕರೆದು ಕೂರಿಸುವ ಅಯ್ಯನವರು ಸಿಕ್ಕಿದರೆ ನನಗೂ ಒಂದು ಫೋಟೊ ಕಳಿಸಿ, ಫ್ರೇಮ್ ಹಾಕಿಸುತ್ತೇನೆ.

ಪ್ರಶ್ನೆ: ನಾನು ಹೊಸದಾಗಿ ದೀಕ್ಷೆ ಪಡೆದ ಸಭಾಪಾಲಕ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿದವನು. ಕೆಲವು ತಿಂಗಳಿಂದ ನಿದ್ದೆ ಇಲ್ಲ. ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಆದರೆ ಕೈ ನಡುಗುತ್ತದೆ. ಸಭೆಯ ಮುಂದೆ ಎಲ್ಲ ಹೇಳಿಬಿಡಬೇಕು ಅನ್ನಿಸುತ್ತದೆ. 'ಕುರುಬ ಕುಂಟಿದರೆ ಕುರಿ ಚೆದುರುತ್ತವೆ, ಬಾಯಿ ಮುಚ್ಚಿಕೊಂಡಿರು' ಎಂದು ಹಿರಿಯರೊಬ್ಬರು ಹೇಳಿದ್ದಾರೆ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ಮಗನೇ, ಸಭೆಗೆ ಹೇಳಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ಮೊದಲು ಡಾಕ್ಟರಿಗೆ ಹೇಳು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ, ಬೇರೆ ರಾಜ್ಯದವರೆಲ್ಲ ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ಅಲ್ಲಿಯವರೆಗೆ ಹೋಗಲು ಸಂಕೋಚವಾದರೆ ಇವತ್ತು ರಾತ್ರಿಯೇ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರಂತೂ ಒಂದು ಗಂಟೆಯೂ ಕಾಯಬೇಡ, ಮನೆಯವರನ್ನು ಎಬ್ಬಿಸು.

ಪ್ರವಾದಿ ಎಲೀಯನ ಕಥೆ ನಿನಗೆ ನಾನು ಹೇಳಬೇಕಾಗಿಲ್ಲ. ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದವನು ಜಾಲಿ ಗಿಡದ ಕೆಳಗೆ ಬಿದ್ದುಕೊಂಡು 'ಸಾಕು, ನನ್ನ ಪ್ರಾಣ ತೆಗೆದುಬಿಡು' ಎಂದ. ದೇವದೂತ ಬಂದು ಏನು ಮಾಡಿದ? ನಂಬಿಕೆ ಕಮ್ಮಿಯಾಯಿತು ಎಂದು ಬೈದನಾ? ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ನಿನ್ನ ಕಾಲೇಜಿನ ಧ್ಯೇಯವಾಕ್ಯ ನನಗೂ ಗೊತ್ತು. ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ. ಮಾರ್ಕನ ಸುವಾರ್ತೆಯ ಮಾತು. 1910ರಿಂದ ಅಲ್ಲಿ ಓದಿದವರು ಅದನ್ನು ಎದೆಯಲ್ಲಿಟ್ಟುಕೊಂಡು ಹೊರಗೆ ಬಂದಿದ್ದಾರೆ, ಒಳ್ಳೆಯದೇ. ಆದರೆ ಅದನ್ನೇ ಹಿಡಿದುಕೊಂಡು ಯಾರ ಸಹಾಯವನ್ನೂ ತೆಗೆದುಕೊಳ್ಳದೆ ಒಣಗಿಹೋದ ಪಾಸ್ಟರುಗಳನ್ನೂ ನೋಡಿದ್ದೇನೆ. ಯೇಸು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದ. ಹೆಂಗಸರು ತಮ್ಮ ಸ್ವಂತ ದುಡ್ಡಿನಲ್ಲಿ ಅವನಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು ಎಂದು ಲೂಕ ಬರೆದಿದ್ದಾನೆ. 'ನೀನು ನನ್ನ ಪಾದ ತೊಳೆಯಲೇ ಕೂಡದು' ಎಂದ ಪೇತ್ರನೂ ಮೇಲ್ನೋಟಕ್ಕೆ ಭಾರೀ ವಿನಯವಂತನೇ. ಬೈಸಿಕೊಂಡದ್ದು ಅವನು.

ಈಗ ಸಭೆಗೆ ಹೇಳುವ ವಿಷಯ. ಸೆರೆ ಸಿಕ್ಕಿದ ರಾತ್ರಿ ಗೆತ್ಸೇಮನೆ ತೋಟಕ್ಕೆ ಯೇಸು ಶಿಷ್ಯರ ಜೊತೆ ಬಂದರೂ ಒಳಗೆ ಕರೆದುಕೊಂಡು ಹೋದದ್ದು ಮೂರೇ ಜನರನ್ನು. 'ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ' ಎಂದು ಹೇಳಿದ್ದು ಅವರಿಗೆ. ಅವರೂ ನಿದ್ದೆ ಹೊಡೆದರು, ಅದು ಬೇರೆ ಮಾತು. ಪೌಲ ತನ್ನ ಶರೀರದಲ್ಲಿ ಒಂದು ಮುಳ್ಳು ಇದೆ, ತೆಗೆಯಪ್ಪ ಎಂದು ಮೂರು ಸಲ ಬೇಡಿಕೊಂಡೆ, ತೆಗೆಯಲಿಲ್ಲ ಎಂದು ಕೊರಿಂಥದವರಿಗೆ ಬಿಚ್ಚಿ ಹೇಳಿದ. ಯಾವ ಮುಳ್ಳು ಅಂತ ಹೇಳಲಿಲ್ಲ. ನೋವು ಇದೆ ಎಂದು ಹೇಳಿದರೆ ಸಾಕು, ಪೂರ್ತಿ ಕೇಸ್ ಶೀಟ್ ಓದಬೇಕಾಗಿಲ್ಲ.

ನಮ್ಮ ಯಜಮಾನರಿಗೆ ಒಮ್ಮೆ ಕಾಮಾಲೆ ಆಗಿತ್ತು. ಯಾರೋ ಆರಾಧನೆಯಲ್ಲಿ ಅದನ್ನು ಪ್ರಕಟಣೆ ಮಾಡಿಬಿಟ್ಟರು. ಸಂಜೆ ಹೊತ್ತಿಗೆ ಪಾರ್ಸನೇಜಿನ ವರಾಂಡ ತುಂಬಾ ಎಳನೀರು. ನೆಲನೆಲ್ಲಿ ಅರೆದು ತಂದವರು ಒಂದು ಕಡೆ, ಮಂತ್ರ ಹಾಕಿಸೋಣ ಎಂದು ಗುಟ್ಟಾಗಿ ಹೇಳಿದವರು ಇನ್ನೊಂದು ಕಡೆ. ಅವರೆಲ್ಲ ಪ್ರೀತಿಯಿಂದಲೇ ಬಂದವರು. ಆದರೆ ಮಲಗಬೇಕಾದ ಮನುಷ್ಯ ಎದ್ದು ಕೂತು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು, ಒಬ್ಬ ಅಜ್ಜಿ ಅಳುತ್ತಿದ್ದಳು, ಅವಳ ತಲೆ ನೇವರಿಸುತ್ತಿದ್ದರು. ನೀನು ಮೈಕಿನಲ್ಲಿ ಎಲ್ಲ ಹೇಳಿದರೆ ಆಗುವುದು ಅದೇ. ನಿನ್ನ ಕಾಯಿಲೆಯ ಜೊತೆಗೆ ಅವರ ಗಾಬರಿಯನ್ನೂ ನೀನೇ ನೋಡಿಕೊಳ್ಳಬೇಕಾಗುತ್ತದೆ.

ಅದಕ್ಕೆ ಸುಮ್ನೆ ಇಷ್ಟು ಮಾಡು. ನಿನ್ನ ಮೇಲೆ ಅಧಿಕಾರ ಇಲ್ಲದ, ನಿನ್ನ ಸಭೆಗೆ ಸೇರದ ಒಬ್ಬ ಗೆಳೆಯನಿಗೆ ಪೂರ್ತಿ ಹೇಳು. ಬಿಷಪ್ ಕಚೇರಿಗೆ ಡಾಕ್ಟರ್ ಚೀಟಿ ಕೊಟ್ಟು ರಜೆ ಕೇಳು. ಸಭೆಗೆ ಎರಡು ವಾಕ್ಯ ಸಾಕು: 'ನನಗೆ ಆರೋಗ್ಯ ಸರಿಯಿಲ್ಲ, ಚಿಕಿತ್ಸೆ ನಡೆಯುತ್ತಿದೆ. ಒಂದು ತಿಂಗಳು ಬೇರೆಯವರು ಆರಾಧನೆ ನಡೆಸುತ್ತಾರೆ.' ಗುಣವಾದ ಮೇಲೆ, ಮನಸ್ಸು ಒಪ್ಪಿದರೆ, ಅದು ಮನಸ್ಸಿನ ಕಾಯಿಲೆ ಎಂದು ಹೆಸರಿಟ್ಟೇ ಹೇಳು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಹಿರಿಯ ಬಿಷಪ್, ಅಂದರೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿ ತಾವು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವುದಾಗಿ 2019ರಲ್ಲಿ ರೇಡಿಯೊದಲ್ಲೇ ಹೇಳಿದರು. ನಿನ್ನ ಸಭೆಯಲ್ಲೂ ಮಾತ್ರೆ ಚೀಟಿಯನ್ನು ಬೈಬಲಿನ ಒಳಗೆ ಬಚ್ಚಿಟ್ಟುಕೊಂಡವರು ಇರುತ್ತಾರೆ, ಅವರಿಗೆ ಉಸಿರು ಬಂದ ಹಾಗೆ ಆಗುತ್ತದೆ.

ಆ ಹಿರಿಯರ ಮಾತು ಬಿಟ್ಟುಬಿಡು. ಕುಂಟುವ ಕುರುಬನನ್ನು ಕುರಿಗಳು ಮೊದಲೇ ನೋಡಿರುತ್ತವೆ. ಒಂದು ಎಚ್ಚರಿಕೆ ಮಾತ್ರ, ಇದು ನಿನಗಲ್ಲ, ಓದುವ ಬೇರೆ ಪಾಸ್ಟರುಗಳಿಗೆ: ಟ್ರಾನ್ಸ್‌ಫರ್ ಆರ್ಡರ್ ಬಂದ ವಾರ, ಆಡಿಟ್ ವರದಿ ಓದುವ ವಾರ ಪುಲ್ಪಿಟ್ಟಿನಲ್ಲಿ ಕಣ್ಣೀರು ಹಾಕುವುದನ್ನೂ ನಾನು ನೋಡಿದ್ದೇನೆ. ಹೆಂಗಸರ ಸಾಲಿನಲ್ಲಿ ಕೂತವರಿಗೆ ಅದು ಗೊತ್ತಾಗುತ್ತದೆ.

ಪ್ರಶ್ನೆ: ಅದೇ ವೆಲ್ಬಿ ಜಲಿಯನ್‌ವಾಲಾ ಬಾಗ್‌ನಲ್ಲಿ ನೆಲಕ್ಕೆ ಬಿದ್ದು ಕ್ಷಮೆ ಕೇಳಿದಾಗ ನಾನು ಅತ್ತುಬಿಟ್ಟಿದ್ದೆ. ಆಮೇಲೆ ಅವರೇ ರಾಜೀನಾಮೆ ಕೊಡಬೇಕಾಯಿತು. ಅವರು ವಿನಯವಂತರಾ ಅಲ್ಲವಾ? (ನಿವೃತ್ತ ಬ್ಯಾಂಕ್ ನೌಕರ, ರಿಚ್ಮಂಡ್ ಟೌನ್)

ಉತ್ತರ: ನಾನೂ ಆ ಚಿತ್ರ ನೋಡಿದೆ. 2019ರ ಸೆಪ್ಟೆಂಬರ್. ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದ ವರ್ಷ ಅದು. ಬ್ರಿಟಿಷ್ ಸರ್ಕಾರದ ಪರವಾಗಿ ಮಾತಾಡಲು ನನಗೆ ಅಧಿಕಾರ ಇಲ್ಲ, ಆದರೆ ನಾಚಿಕೆಯಾಗುತ್ತಿದೆ ಎಂದು ಹೇಳಿ, ಸ್ಮಾರಕದ ಮುಂದೆ ಮುಖ ಕೆಳಗೆ ಮಾಡಿ ಉದ್ದಕ್ಕೆ ಮಲಗಿದರು. ನಾಟಕ ಅಂತ ನನಗೆ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಇನ್ನೊಂದು ಕಡೆ ನೋಡಿ. ಜಾನ್ ಸ್ಮಿತ್ ಎಂಬ ವಕೀಲ ಇಂಗ್ಲೆಂಡಿನಲ್ಲಿ ಹುಡುಗರ ಕ್ರೈಸ್ತ ಶಿಬಿರಗಳನ್ನು ನಡೆಸುತ್ತಿದ್ದ. 1970, 80ರ ದಶಕದಲ್ಲಿ ಹುಡುಗರನ್ನು ರಕ್ತ ಬರುವ ಹಾಗೆ ಬೆತ್ತದಿಂದ ಹೊಡೆಯುತ್ತಿದ್ದ. ಆಮೇಲೆ ಆಫ್ರಿಕಾಕ್ಕೆ ಹೋಗಿ ಅಲ್ಲೂ ಶಿಬಿರ ನಡೆಸಿದ. ವೆಲ್ಬಿಯವರಿಗೆ ಅಧಿಕೃತವಾಗಿ ವಿಷಯ ತಿಳಿದದ್ದು 2013ರಲ್ಲಿ. ಸ್ಮಿತ್ ಯಾವ ಶಿಕ್ಷೆಯೂ ಇಲ್ಲದೆ 2018ರಲ್ಲಿ ಸತ್ತ. 2013ರಲ್ಲೇ ವೆಲ್ಬಿ ಪೊಲೀಸರಿಗೆ ಹೇಳಬಹುದಿತ್ತು, ಹೇಳಬೇಕಿತ್ತು ಎಂದು ಈ ವಿಷಯವನ್ನು ಪರಿಶೀಲಿಸಿ 2024ರ ನವೆಂಬರಿನಲ್ಲಿ ಹೊರಬಂದ ಮೇಕಿನ್ ವರದಿ ಹೇಳಿತು. ವರದಿ ಬಂದ ಕೆಲವೇ ದಿನಕ್ಕೆ ರಾಜೀನಾಮೆ. ಡಿಸೆಂಬರಿನಲ್ಲಿ ಬ್ರಿಟಿಷ್ ಸಂಸತ್ತಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬೀಳ್ಕೊಡುಗೆ ಭಾಷಣ ಮಾಡುತ್ತಾ, ಕನಿಕರ ಪಡುವುದಿದ್ದರೆ ನನ್ನ ದಿನಚರಿ ನೋಡಿಕೊಳ್ಳುವ ಸೆಕ್ರೆಟರಿ ಮೇಲೆ ಪಡಿ ಎಂದು ತಮಾಷೆ ಮಾಡಿದರು. ಸಭೆ ನಕ್ಕಿತು. ಏಟು ತಿಂದವರು ನಗಲಿಲ್ಲ. ಆ ಭಾಷಣಕ್ಕೂ ಕ್ಷಮೆ ಕೇಳಬೇಕಾಯಿತು.

ನೂರು ವರ್ಷದ ಹಿಂದೆ ಬೇರೆಯವರು ಮಾಡಿದ ಪಾಪಕ್ಕೆ ನೆಲದ ಮೇಲೆ ಮಲಗುವುದು ಕಷ್ಟವೇ. ಆದರೆ ಈಗ ಬದುಕಿರುವ ಒಬ್ಬ ಮನುಷ್ಯ ಎದುರಿಗೆ ಬಂದು 'ನಾನು ಹೇಳಿದೆನಲ್ಲ, ನೀವೇನು ಮಾಡಿದಿರಿ?' ಎಂದು ಕೇಳಿದಾಗ ಉತ್ತರ ಕೊಡುವುದು ಅದಕ್ಕಿಂತ ಕಷ್ಟ. ಒಬ್ಬನೇ ಮನುಷ್ಯನಿಗೆ ಮೊದಲನೆಯದು ಬಂದು ಎರಡನೆಯದು ಬಾರದೆ ಇರಬಹುದು. ವೆಲ್ಬಿ ವಿಷಯದಲ್ಲಿ ನಾನು ನೋಡಿದ್ದು ಅದು. ನಿಮ್ಮ ಕಣ್ಣೀರು ಸುಳ್ಳಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಸಿಎಸ್ಐ (ದಕ್ಷಿಣ ಭಾರತ ಸಭೆ) ಕೂಡ ವೆಲ್ಬಿಯವರ ಸಭೆ ಇರುವ ಆಂಗ್ಲಿಕನ್ ಕಮ್ಯೂನಿಯನ್ ಎಂಬ ಒಕ್ಕೂಟಕ್ಕೇ ಸೇರಿದ್ದು, ಹಾಗಾಗಿ ಇದು ದೂರದ ಸುದ್ದಿ ಅಂದುಕೊಳ್ಳಬಾರದು. ಇಲ್ಲಿ ಕಾನೂನು ಇನ್ನೂ ಬಿಗಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. 'ಬಿಷಪ್ಪರಿಗೆ ಹೇಳಿದ್ದೇನೆ, ಪ್ರಾರ್ಥನೆ ಮಾಡುತ್ತಿದ್ದೇವೆ' ಅಂದರೆ ಸಾಲದು. ಮಕ್ಕಳ ಸಹಾಯವಾಣಿ 1098. ಸಂಡೆ ಸ್ಕೂಲ್ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಆ ನಂಬರ್ ಬರೆಸಿ.

ಪ್ರಶ್ನೆ: ಜನ ಪಾಸ್ಟರ ಕಾಲಿಗೆ ಬೀಳುವುದು ಸರಿಯಾ? ನಮ್ಮ ಸಂಸ್ಕೃತಿ ತಾನೇ ಎನ್ನುತ್ತಾರೆ. (ವಿದ್ಯಾರ್ಥಿನಿ, ಯಲಹಂಕ)

ಉತ್ತರ: ಅಜ್ಜಿ ಕಾಲಿಗೆ ಮೊಮ್ಮಗಳು ಬೀಳುವುದು ಸಂಸ್ಕೃತಿ. ಎಪ್ಪತ್ತು ವರ್ಷದ ಅಜ್ಜಿ ಮೂವತ್ತು ವರ್ಷದ ಪಾಸ್ಟರ ಕಾಲಿಗೆ ಬೀಳುವುದು ಯಾವ ಊರಿನ ಸಂಸ್ಕೃತಿ? ರೋಮಿನ ಸೈನ್ಯಾಧಿಕಾರಿ ಕೊರ್ನೇಲ್ಯ ಕಾಲಿಗೆ ಬಿದ್ದಾಗ ಪೇತ್ರ ಎತ್ತಿ ನಿಲ್ಲಿಸಿ 'ಏಳು, ನಾನೂ ಮನುಷ್ಯನೇ' ಎಂದ. ಲುಸ್ತ್ರದಲ್ಲಿ ಜನ ಪೌಲ, ಬಾರ್ನಬರನ್ನು ದೇವರೆಂದುಕೊಂಡು ಎತ್ತು, ಹೂವಿನ ಹಾರ ತಂದರು. ಇವರಿಬ್ಬರೂ ಬಟ್ಟೆ ಹರಿದುಕೊಂಡು ಬೇಡ ಬೇಡ ಎಂದು ಕೂಗಿದರು. ಅದೇ ಊರಿನ ಜನ ಸ್ವಲ್ಪ ದಿನಕ್ಕೆ ಪೌಲನಿಗೆ ಕಲ್ಲು ಹೊಡೆದು ಸತ್ತ ಎಂದು ಊರ ಹೊರಗೆ ಎಳೆದು ಹಾಕಿದರು. ಹೆಣ್ಣೂರು ರಸ್ತೆಯ ಉದ್ದಕ್ಕೂ ಫ್ಲೆಕ್ಸಿನಲ್ಲಿ ತಮ್ಮ ಮುಖ ಹಾಕಿಸಿಕೊಳ್ಳುವವರು ಆ ಅಧ್ಯಾಯವನ್ನು ಪೂರ್ತಿ ಓದಲಿ. ನಮ್ಮ ಯಜಮಾನರದು ಒಂದು ಉಪಾಯ ಇತ್ತು. ಯಾರಾದರೂ ಬಗ್ಗುವ ಮೊದಲೇ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು 'ಊಟ ಆಯ್ತಾ?' ಎಂದು ಕೇಳಿಬಿಡುತ್ತಿದ್ದರು.

ಪ್ರಶ್ನೆ: ನಾನೂ ನಿಮ್ಮ ಹಾಗೆ ಪಾಸ್ಟರ ಹೆಂಡತಿ. ಹೊರಗೆ ಎಲ್ಲರೂ ನನ್ನ ಗಂಡನನ್ನು 'ಎಂಥಾ ದೀನ ಮನುಷ್ಯ' ಎಂದು ಹೊಗಳುತ್ತಾರೆ. ಮನೆಗೆ ಬಂದರೆ ಮಾತೇ ಇಲ್ಲ, ಇದ್ದರೆ ಸಿಡುಕು. ಮಕ್ಕಳು ಅವರ ಬೈಕ್ ಸದ್ದು ಕೇಳಿದರೆ ಟಿವಿ ಆರಿಸಿ ಕೋಣೆಗೆ ಹೋಗುತ್ತಾರೆ. ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅವರ ಸೇವೆಗೆ ಕೆಟ್ಟ ಹೆಸರು. (ಹೆಸರು, ಊರು ಬೇಡ)

ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಪಕ್ಕಕ್ಕಿಟ್ಟೆ. ಮೊದಲು ಒಂದು ಕೇಳಬೇಕು. ಕೈ ಮಾಡುತ್ತಾರಾ? ನಿಮ್ಮ ಮೇಲೋ, ಮಕ್ಕಳ ಮೇಲೋ? ಹೌದಾದರೆ ಈ ಉತ್ತರ ಓದುತ್ತಾ ಕೂರಬೇಡಿ, 181ಕ್ಕೆ ಫೋನ್ ಮಾಡಿ. ಅದು ಮಹಿಳಾ ಸಹಾಯವಾಣಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪಾಸ್ಟರ ಮನೆಗೂ ಅನ್ವಯಿಸುತ್ತದೆ. ಸೇವೆಗೆ ಕೆಟ್ಟ ಹೆಸರು ತರುವುದು ಹೊಡೆತ, ಹೊಡೆತ ತಿಂದವಳ ಬಾಯಲ್ಲ.

ಕೈ ಮಾಡುವುದಿಲ್ಲ, ಮಾತು ಮಾತ್ರ ಹೀಗೆ ಎಂದಾದರೆ ನನಗೆ ಕಾಣುವುದು ಹೇಳುತ್ತೇನೆ. ಬೆಳಿಗ್ಗೆ ಐದಕ್ಕೆ ಸಾವಿನ ಮನೆಯ ಫೋನು, ಮಧ್ಯಾಹ್ನ ಆಸ್ಪತ್ರೆ, ಸಂಜೆ ಜಗಳದ ಮನೆ, ರಾತ್ರಿ ಕಮಿಟಿ. ಎಲ್ಲ ಕಡೆ ನಯವಾಗಿ ಮಾತಾಡಿ ಮನೆಗೆ ಬರುವಷ್ಟರಲ್ಲಿ ನಯ ಮುಗಿದುಹೋಗಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಬಹುದು. ಹಾಗೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಹೊರಗಿನವರಿಗೆ ಇವರನ್ನು ಪ್ರಶ್ನಿಸುವ ಹಕ್ಕಿದೆ: ಕಮಿಟಿ ಇದೆ, ಬಿಷಪ್ ಇದ್ದಾರೆ. ನಿಮಗೆ ಯಾರಿದ್ದಾರೆ? ಇಡೀ ಸಭೆಗೆ ಒಬ್ಬ ಪಾಸ್ಟರ್ ಇದ್ದಾರೆ, ಪಾಸ್ಟರ ಮನೆಗೆ ಇಲ್ಲ. ಗಂಡನೇ ನಿಮ್ಮ ಸಭಾಪಾಲಕ ಆಗಲು ಸಾಧ್ಯವಿಲ್ಲ, ಆಗಲೂ ಬಾರದು.

ತನ್ನ ಮನೆಯನ್ನು ಆಳಲು ತಿಳಿಯದವನು ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಒಂದನೇ ತಿಮೊಥೆಯದಲ್ಲಿ ಇದೆಯಲ್ಲ, ಆ ವಚನ ತೋರಿಸಿ ಹೆಂಡತಿ ಮಕ್ಕಳ ಬಾಯಿ ಮುಚ್ಚಿಸುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ, ನಗುಮುಖ. ಅದು ಗಂಡನಿಗೆ ಹಾಕಿದ ಷರತ್ತು. ಅದನ್ನು ಪೂರೈಸುವ ಹೊಣೆ ನಿಮ್ಮ ತಲೆಗೆ ಯಾವಾಗ ಬಂತು?

ನಿಮ್ಮ ಸಭೆಗೆ ಸಂಬಂಧ ಇಲ್ಲದ ಇನ್ನೊಂದು ಚರ್ಚಿನ ಸಭಾಪಾಲಕಿಯನ್ನು ಹುಡುಕಿಕೊಳ್ಳಿ. ಸಿಎಸ್ಐನಲ್ಲಿ ಹೆಂಗಸರಿಗೂ ದೀಕ್ಷೆ ಕೊಡುತ್ತಾರೆ, ಈ ಊರಿನಲ್ಲಿ ಒಬ್ಬರಾದರೂ ಸಿಗುತ್ತಾರೆ. ಇಲ್ಲವೇ ಊರಿನ ಇನ್ನೊಂದು ಮೂಲೆಯಲ್ಲಿ ಒಬ್ಬ ಕೌನ್ಸೆಲರ್. ಅಲ್ಲಿ ನೀವು ಅಮ್ಮನವರು ಆಗಿರಬೇಕಾಗಿಲ್ಲ, ಸಾಮಾನ್ಯ ಹೆಂಗಸಾಗಿ ಕೂತು ಮಾತಾಡಬಹುದು. ಮಾತಾಡಿ ಸ್ವಲ್ಪ ಗಟ್ಟಿಯಾದ ಮೇಲೆ ಗಂಡನ ಹತ್ತಿರ ಒಂದೇ ಒಂದು ಬೇಡಿಕೆ ಇಡಿ: ವಾರದಲ್ಲಿ ಒಂದು ಸಂಜೆ ಫೋನ್ ಆರಿಸಿ, ಮಕ್ಕಳ ಜೊತೆ ಊಟಕ್ಕೆ ಕೂರಬೇಕು. ಸೋಮವಾರ ಒಳ್ಳೆಯದು, ಭಾನುವಾರದ ಸುಸ್ತು ಇರುತ್ತದೆ, ಕಮಿಟಿಯವರೂ ಅವತ್ತು ತೊಂದರೆ ಕೊಡುವುದಿಲ್ಲ. ಮೊದಲ ಸೋಮವಾರ ಯಾರೂ ಮಾತಾಡದೆ ಇರಬಹುದು. ಹಾಗೇ ಊಟ ಮಾಡಿ, ಮುಂದಿನ ಸೋಮವಾರ ಮತ್ತೆ ಕೂರಿಸಿ. ತಿಂಗಳಾದರೂ ಅವರು ಒಪ್ಪದಿದ್ದರೆ ನನಗೆ ಬರೆಯಿರಿ, ನೀವಿಬ್ಬರೂ ಒಟ್ಟಿಗೆ ಯಾರ ಹತ್ತಿರ ಹೋಗಬಹುದು ಎಂದು ವಿಚಾರಿಸಿ ತಿಳಿಸುತ್ತೇನೆ. ಪತ್ರಿಕೆಯಲ್ಲಿ ಹಾಕುವುದಿಲ್ಲ.